ಸ್ಟ್ರಾಬೆರಿ ಸಸಿ ಹಚ್ಚಿದ ಮ್ಯಾಲೆ ಬುಡ ಕೊಳೆತು ಸಾಯ್ತಾವ: ಯಾವ ರೋಗ, ಏನು ಉಪಾಯ? (ಬೀದರ್–ಕಲಬುರಗಿ–ಯಾದಗಿರಿ)

ಹುಮನಾಬಾದ್_ಕೆಮ್ಮಣ್ಣು:
ಎಲ್ಲರಿಗೂ ಶರಣಾರ್ಥಿ. ಹುಮನಾಬಾದ್ ಹತ್ತಿರ ಕೆಂಪು ಮಣ್ಣಿನ್ಯಾಗ 20 ಗುಂಟೆ ಸ್ಟ್ರಾಬೆರಿ ಅದ. ಮಹಾಬಳೇಶ್ವರ ಕಡೆಯಿಂದ ತಂದ ಬರಿ ಬೇರಿನ (ಮಣ್ಣಿಲ್ಲದ) ಸಸಿ, ವಿಂಟರ್ ಡಾನ್ ತಳಿ. ನವೆಂಬರ್ ಮೊದಲ ವಾರ ಹಚ್ಚಿದ್ದು. ಬೆಡ್ಡು ಒಂದು ಅಡಿ ಎತ್ತರ, ಬೆಳ್ಳಿ-ಕಪ್ಪು ಮಲ್ಚಿಂಗ್ ಪೇಪರ್, ಬೆಡ್ಡಿಗೆ ಒಂದು ಡ್ರಿಪ್ ಲೈನ್. ಸಸಿ ಹಿಡಕೊಳ್ಳಲಿ ಅಂತ ಮೊದಲ ಹತ್ತು ದಿನ ಸ್ಪ್ರಿಂಕ್ಲರ್ ಬಿಟ್ಟದ. ಈಗ ಅಲ್ಲಲ್ಲಿ ಸಸಿ ಮಧ್ಯಾಹ್ನ ಬಾಡ್ತಾವ, ಸಂಜೀಕ ಎದ್ದು ನಿಲ್ತಾವ, ಮೂರ್ನಾಲ್ಕು ದಿನಕ್ಕ ಪೂರ್ತಿ ಒಣಗ್ತಾವ. ಅಂಗಡಿಯಾಗ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಪುಡಿ ಕೊಟ್ರು. ಎರಡು ಸಲ ಬುಡಕ್ಕ ಹಾಕಿದ್ರೂ ನಿಂತಿಲ್ಲ. ಮುಂದ ಏನು ಹಾಕಬೇಕು?

ಸಸ್ಯರೋಗ_ವಿಚಾರ:
ಮುಂದೆ ಏನು ಹಾಕಬೇಕು ಎನ್ನುವುದಕ್ಕಿಂತ ಮೊದಲು ಹತ್ತು ಸಸಿ ಕಿತ್ತು ಸೀಳಿ ನೋಡಿ ಅಣ್ಣಾ. ಪೂರ್ತಿ ಒಣಗಿದ ಸಸಿ ಬೇಡ, ಅದರಲ್ಲಿ ಯಾವ ಶಿಲೀಂಧ್ರ ಬೇಕಾದರೂ ಬೆಳೆದಿರುತ್ತದೆ. ಈ ಹೊತ್ತು ಬಾಡಲು ಶುರುವಾದವನ್ನೇ ಆರಿಸಿ. ಎಳೆಯಬೇಡಿ, ಖುರ್ಪಿಯಿಂದ ಬೇರಿನ ಸಮೇತ ಎಬ್ಬಿಸಿ ನೀರಲ್ಲಿ ತೊಳೆಯಿರಿ. ಬೇರು ಮತ್ತು ಎಲೆ ತೊಟ್ಟಿನ ನಡುವಿನ ಗಟ್ಟಿ ಗಿಣ್ಣೇ ಕ್ರೌನ್. ಅದನ್ನು ಹರಿತ ಬ್ಲೇಡಿನಿಂದ ಸುಳಿಯಿಂದ ಬೇರಿನವರೆಗೆ ಉದ್ದಕ್ಕೆ ಸೀಳಿ. ಪ್ರತಿ ಸಸಿಗೂ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ.

ಒಳ್ಳೆಯ ಕ್ರೌನ್ ಒಳಗೆ ಕೆನೆಬಿಳಿ ಇರುತ್ತದೆ. ಬಿಳಿ ಭಾಗದ ನಡುವೆ ಇಟ್ಟಿಗೆ ಬಣ್ಣದ ಗೆರೆ, ಅಮೃತಶಿಲೆಯಲ್ಲಿ ಕಾಣುವಂಥ ಕೆಂಗಂದು ಕಲೆ ಇದ್ದು, ಗಿಣ್ಣು ಮೆತ್ತಗಾಗದೆ ಗಟ್ಟಿಯಾಗೇ ಇದ್ದರೆ ಅದು ಕೊಲೆಟೊಟ್ರೈಕಮ್, ಅಂದರೆ ಆಂಥ್ರಾಕ್ನೋಸ್ ಬುಡ ಕೊಳೆ. ಎಲೆ ತೊಟ್ಟಿನ ಮೇಲೆ, ರನ್ನರ್ (ಹೊಸ ಸಸಿ ಬಿಡುವ) ಬಳ್ಳಿಯ ಮೇಲೆ ಕಪ್ಪಗೆ ತಗ್ಗಾದ ಗಾಯ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಗೆರೆ ಇಲ್ಲದೆ ಒಂದೇ ಸಮ ಕಂದಾಗಿ, ಸಸಿ ಹಿಡಿದು ಜಗ್ಗಿದರೆ ಮೇಲ್ಭಾಗ ಕ್ರೌನ್ ಹತ್ತಿರವೇ ಕಳಚಿ ಕೈಗೆ ಬಂದರೆ ಫೈಟೊಫ್ಥೊರಾ ಕ್ಯಾಕ್ಟೊರಮ್ ಇರಬಹುದು. ಇದರಲ್ಲಿ ಎಳೆಯ ಎಲೆ ಮೊದಲು ನೀಲಿ-ಹಸಿರು ಛಾಯೆಗೆ ತಿರುಗಿ ಬಾಡುತ್ತದೆ. ನಿಜ ಹೇಳಬೇಕೆಂದರೆ ಇದು ಶಿಲೀಂಧ್ರವೇ ಅಲ್ಲ, ನೀರಲ್ಲಿ ಈಜುವ ಬೀಜಕ ಬಿಡುವ ಬೇರೆ ಜಾತಿ. ಅದಕ್ಕೇ ಅದರ ಔಷಧವೂ ಬೇರೆ. ಮೆಟಲಾಕ್ಸಿಲ್ ಕೆಲಸ ಮಾಡುವುದು ಇದರ ಮೇಲೆ ಮಾತ್ರ, ಕೊಲೆಟೊಟ್ರೈಕಮ್‌ಗೆ ಅದರಿಂದ ಏನೂ ಆಗುವುದಿಲ್ಲ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಲೆಕ್ಕ ಇದಕ್ಕೆ ತಿರುಗುಮುರುಗು: ಫೈಟೊಫ್ಥೊರಾ ಅದಕ್ಕೆ ಜಗ್ಗುವುದೇ ಇಲ್ಲ. ಎರಡು ಸಲ ಮೆಟಲಾಕ್ಸಿಲ್ ಹಾಕಿಯೂ ನಿಲ್ಲಲಿಲ್ಲ ಎನ್ನುವುದೇ ಒಂದು ಸುಳಿವು.

ಎರಿ_ಹೊಲ_ಆಳಂದ:
ಮೂರನೇದು ಬಿಟ್ರಲ್ಲ ಸರ್. ನಮ್ಮ ಭಾಗಕ್ಕ ಅದೇ ದೊಡ್ಡದು: ಮ್ಯಾಕ್ರೊಫೊಮಿನಾ, ಇದ್ದಿಲು ಕೊಳೆ. ತೊಗರಿ, ಕಡ್ಲಿ ಒಣ ಬೇರು ಕೊಳೆ, ಹಿಂಗಾರಿ ಜೋಳ ಕಾಂಡ ಕಪ್ಪಾಗಿ ಬೀಳೋದು, ಸೂರ್ಯಕಾಂತಿ ಬುಡ ಕಪ್ಪಾಗೋದು, ಎಲ್ಲಾ ಇದೇ ಶಿಲೀಂಧ್ರದ ಕೆಲಸ. 500ಕ್ಕೂ ಹೆಚ್ಚು ಜಾತಿ ಗಿಡಕ್ಕ ಬರ್ತದ. ಸಾಸಿವಿಗಿಂತ ಎಷ್ಟೋ ಸಣ್ಣ ಕಪ್ಪು ಕಾಳು ಮಾಡಿ ಮಣ್ಣಾಗ, ಕೂಳ್ಯಾಗ ವರ್ಷಗಟ್ಟಲೆ ಕೂಡ್ತದ. ತೊಗರಿ ನಾಡಿನ್ಯಾಗ ಸ್ಟ್ರಾಬೆರಿ ಹಚ್ಚಾಂವ ಮೊದಲು ತನ್ನ ಹೊಲದಾಗ ಹಿಂದಿನ ಮೂರು ವರ್ಷ ಏನಿತ್ತು ಅಂತ ಬರೆದಿಟ್ಕೋಬೇಕು.

ಇದರ ಲಕ್ಷಣ ಬ್ಯಾರೆ. ಹಳೇ ಎಲಿ ಮೊದಲು ಒಣಗ್ತಾವ, ನಡುವಿನ ಸುಳಿ ಕೆಲವು ದಿನ ಹಸಿರೇ ಇರ್ತದ. ಸೀಳಿದ್ರ ಒಳಗ ಕಿತ್ತಳೆ-ಕಂದಿನಿಂದ ಕಡು ಕಂದು. ಬಿಸಿಲು ಏರಿದಾಗ, ಹಣ್ಣಿನ ಭಾರ ಬಿದ್ದಾಗ, ಅಂದ್ರ ಫೆಬ್ರವರಿ-ಮಾರ್ಚ್‌ದಾಗ ಎದ್ದು ಕಾಣ್ತದ. 30ರಿಂದ 35 ಡಿಗ್ರಿ ಅಂದ್ರ ಅದಕ್ಕ ಹಬ್ಬ. ಡ್ರಿಪ್ಪರ್ ಕಟ್ಟಿದ ಜಾಗ, ಬೆಡ್ಡಿನ ತುದಿ, ನೀರು ಕಮ್ಮಿ ಬೀಳೋ ಕಡೆ ಮೊದಲು ಸಾಯ್ತಾವ. ನವೆಂಬರ್‌ದಾಗ, ಹಚ್ಚಿ ಎರಡು ವಾರಕ್ಕ ಸಾಯಾಕತ್ತಾವ ಅಂದ್ರ ನಿಮ್ಮದು ಇದು ಇರ್ಲಿಕ್ಕಿಲ್ಲ. ಸಸಿ ಜೋಡಿನೇ ಬಂದ ರೋಗ ಅನಿಸ್ತದ.

ಭಾಲ್ಕಿ_ನೆರಳುಮನೆ:
ಎಲ್ಲದಕ್ಕೂ ರೋಗ ಅನ್ನಬೇಡಿ. ಇನ್ನೂ ನಾಲ್ಕು ಕಾರಣ ನೋಡಿ:

- ಗೊಣ್ಣೆ ಹುಳ ಬೇರು ತಿಂದಿದ್ದರೆ ಸಸಿ ಜಗ್ಗಿದ ಕೂಡಲೇ ಬೇರಿಲ್ಲದೆ ಬರುತ್ತದೆ. ಕ್ರೌನ್ ಒಳಗೆ ಬಿಳಿ ಇರುತ್ತದೆ.
- ಬೇರು ಮಡಚಿ ನೆಟ್ಟಿದ್ದರೆ ಕೆಳಗೆ ಹೊಸ ಬೇರು ಬಿಟ್ಟಿರುವುದಿಲ್ಲ. ಆಳು ಮಂದಿ ಅವಸರಕ್ಕೆ ಬೆರಳಿಂದ ಒತ್ತಿದರೆ ಹೀಗೇ ಆಗುವುದು.
- ಉಪ್ಪು ನೀರು. ಸ್ಟ್ರಾಬೆರಿಗೆ ಉಪ್ಪು ತಡೆಯುವ ಶಕ್ತಿ ಬಹಳ ಕಡಿಮೆ, ಮಣ್ಣಿನ ಇಸಿ (ಉಪ್ಪಿನಂಶದ ಅಳತೆ) 1 ದಾಟಿದರೆ ಇಳುವರಿ ಇಳಿಯುತ್ತದೆ. ಎಲೆ ಅಂಚು ಸುಟ್ಟಂತೆ ಕಂದಾಗಿ, ಕ್ರೌನ್ ಚೆನ್ನಾಗಿದ್ದರೆ ಬೋರಿನ ನೀರು ಪರೀಕ್ಷೆಗೆ ಕಳಿಸಿ.
- ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಸುಣ್ಣದ ಎರೆ ಮಣ್ಣಲ್ಲಿ ಕಬ್ಬಿಣ ಸಿಗದಿರುವುದು. ಈ ಬೆಳೆಗೆ ಬೇಕಾದ ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5, ನಮ್ಮ ಎರೆ ಹೊಲ 8ರ ಮೇಲೆ.

ಹುಮನಾಬಾದ್_ಕೆಮ್ಮಣ್ಣು:
ಹತ್ತು ಸಸಿ ಸೀಳಿ ನೋಡ್ದೆ. ಏಳರಾಗ ಇಟ್ಟಿಗೆ ಬಣ್ಣದ ಗೆರಿ ಅದ, ಗಿಣ್ಣು ಗಟ್ಟಿ ಅದ. ಎರಡರಾಗ ಬೇರು ಮ್ಯಾಲಕ್ಕ ಮಡಚೇದ. ಒಂದು ಏನೂ ತಿಳೀಲಿಲ್ಲ. ಜಗ್ಗಿದ್ರ ಯಾವುದೂ ಕಳಚಿ ಬರಲಿಲ್ಲ. ತೊಟ್ಟಿನ ಮ್ಯಾಲೆ ಕಪ್ಪು ಕಲಿ ಮೂರ್ನಾಲ್ಕು ಸಸಿಗೆ ಅದಾವ. ಆದ್ರ ತಂದಾಗ ಸಸಿ ಛಲೋ ಹಸಿರು ಇದ್ವು.

ಸಸ್ಯರೋಗ_ವಿಚಾರ:
ಹಾಗಿದ್ದರೆ ಹೆಚ್ಚುಪಾಲು ಆಂಥ್ರಾಕ್ನೋಸ್. ಹಸಿರು ಸಸಿ ನೋಡಿ ಮೋಸ ಹೋಗುವುದು ಈ ರೋಗದಲ್ಲೇ. ನರ್ಸರಿಯಲ್ಲಿ ಮಳೆಗಾಲದ ತಂಪಿನಲ್ಲಿ ಶಿಲೀಂಧ್ರ ತೊಟ್ಟು, ಎಲೆಯಲ್ಲಿ ಸೇರಿಕೊಂಡು ಸದ್ದಿಲ್ಲದೆ ಕೂತಿರುತ್ತದೆ. ಕಿತ್ತು, ಕಟ್ಟಿ, ಲಾರಿಯಲ್ಲಿ ತಂದು, ಬೀದರ್ ಬಿಸಿಲಿಗೆ ನೆಟ್ಟ ಮೇಲೆ ಸಸಿ ಸೋತಾಗ ಒಳಗೆ ಇಳಿಯುತ್ತದೆ. ಮೇಲಿಂದ ಸ್ಪ್ರಿಂಕ್ಲರ್ ಹನಿ ಬಡಿದರೆ ಒಂದು ಸಸಿಯ ಬೀಜಕ ಅಕ್ಕಪಕ್ಕದ ಸಸಿಯ ಸುಳಿಗೆ ಸಿಡಿಯುತ್ತದೆ. ಸತ್ತ ಸಸಿಗಳು ಒಂದೇ ಸಾಲಿನಲ್ಲಿ ಗುಂಪಾಗಿ ಇವೆಯೋ ನೋಡಿ. ಒಂದೇ ಕಟ್ಟಿನಿಂದ ಬಂದವು ಸಾಲಾಗಿ ಸಾಯುತ್ತವೆ.

ಈಗ ಮಾಡುವುದು ಇಷ್ಟು.

ಸ್ಪ್ರಿಂಕ್ಲರ್ ಇನ್ನೂ ಬಿಡುತ್ತಿದ್ದರೆ ಇವತ್ತೇ ಬಂದ್ ಮಾಡಿ, ಹೊಸ ಬೇರು ಬಿಟ್ಟಿರುತ್ತದೆ, ಡ್ರಿಪ್ ಸಾಕು. ಬಾಡಿದ ಸಸಿಯನ್ನು ಬುಡದ ಮಣ್ಣಿನ ಸಮೇತ ಎಬ್ಬಿಸಿ ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊಲದಿಂದ ದೂರ ಹೂಳಿ. ಬದುವಿನ ಮೇಲೆ ಎಸೆಯಬೇಡಿ. ಈ ಕೆಲಸ ಇಬ್ಬನಿ ಆರಿದ ಮೇಲೆ ಮಾಡಿ. ಒದ್ದೆ ಎಲೆಯ ನಡುವೆ ಓಡಾಡಿದರೆ ಕೈ, ಬಟ್ಟೆ ಎರಡೂ ರೋಗ ಹೊತ್ತೊಯ್ಯುತ್ತವೆ.

ಉಳಿದ ಸಸಿಗೆ ಕ್ಯಾಪ್ಟಾನ್ 50 ಡಬ್ಲ್ಯುಪಿ ಲೀಟರಿಗೆ 2 ಗ್ರಾಂ, ಸುಳಿ ಮತ್ತು ಬುಡ ಚೆನ್ನಾಗಿ ನೆನೆಯುವಂತೆ, ವಾರಕ್ಕೊಮ್ಮೆ. ನಡುವೆ ಒಂದು ಸಲ ಅಜಾಕ್ಸಿಸ್ಟ್ರೋಬಿನ್ 23 ಎಸ್‌ಸಿ ಲೀಟರಿಗೆ 1 ಮಿ.ಲೀ. ಅಜಾಕ್ಸಿಸ್ಟ್ರೋಬಿನ್ ಗುಂಪಿನದನ್ನು ಒಂದರ ಹಿಂದೊಂದು ಹೊಡೆಯಬಾರದು, ಕೊಲೆಟೊಟ್ರೈಕಮ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಲೇಬಲ್ಲಿನಲ್ಲಿ ಬೆಳೆ, ಪ್ರಮಾಣ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನ ಓದಿಕೊಂಡೇ ಹೊಡೆಯಿರಿ. ಇದು ಸಿಪ್ಪೆ ತೆಗೆಯದೆ ತಿನ್ನುವ ಹಣ್ಣು, ಮಕ್ಕಳು ಬಾಯಿಗೆ ಹಾಕಿಕೊಳ್ಳುವುದು.

ಒಂದು ಮಾತು ಬಿಚ್ಚಿ ಹೇಳುತ್ತೇನೆ. ಕ್ರೌನ್ ಒಳಗೆ ಗೆರೆ ಬಂದ ಸಸಿ ಯಾವ ಔಷಧಕ್ಕೂ ಬದುಕುವುದಿಲ್ಲ. ಹೊಡೆಯುವುದು ಪಕ್ಕದವನ್ನು ಉಳಿಸಲಿಕ್ಕೆ.

ಜೇವರ್ಗಿ_ಡ್ರಿಪ್:
ಕ್ಯಾಪ್ಟಾನ್ ಹೇಳಿದ್ರಿ, ನೀರಿನ ಮಾತು ಹೇಳಲಿಲ್ಲ. ನಮ್ಮ ಬೋರಿನ ನೀರು ಪಿಎಚ್ 8 ಇರ್ತದ. ಕ್ಯಾಪ್ಟಾನ್ ಪಿಎಚ್ 5ರ ನೀರಿನ್ಯಾಗ ಅರ್ಧಕ್ಕ ಇಳಿಯಾಕ 32 ತಾಸು ತಗೋತದ, 7ರಾಗ 8 ತಾಸು, 8ರಾಗ ಬರೇ 10 ನಿಮಿಷ! ಬ್ಯಾರಲ್‌ದಾಗ ಕಲಸಿ ಚಹಾ ಕುಡಿದು ಬರೋದ್ರಾಗ ಅರ್ಧ ಔಷಧ ಹೋಗಿರ್ತದ. ಮೊದಲು ನೀರಿಗೆ ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ ಪಟ್ಟಿ ಅದ್ದಿ ನೋಡ್ರಿ, 5.5–6ಕ್ಕ ಇಳಿದ ಮ್ಯಾಲೆ ಔಷಧ ಕಲಸ್ರಿ. ಎಷ್ಟು ಆಸಿಡ್ ಬೇಕಂತ ಒಂದು ಬಕೀಟಿನ್ಯಾಗ ಚಿಟಿಕಿ ಚಿಟಿಕಿ ಹಾಕಿ ನೋಡಿ ಬ್ಯಾರಲ್ಲಿಗೆ ಲೆಕ್ಕ ಹಾಕ್ರಿ, ಒಂದೊಂದು ಬೋರಿಗೆ ಒಂದೊಂದು ಥರ ಇರ್ತದ. ಕಲಸಿದ್ದು ಅವಾಗಲೇ ಹೊಡೀರಿ.

ಎರಡು ಎಚ್ಚರ. ಕ್ಯಾಪ್ಟಾನ್ ಜೋಡಿ ಬೇವಿನೆಣ್ಣಿ, ಯಾವುದೇ ಎಣ್ಣಿ ಬಾಬತ್ತು ಕೂಡಿಸಬ್ಯಾಡ್ರಿ, ಎಲಿ ಸುಡ್ತದ. ತಾಮ್ರದ ಪುಡಿ (ಕಾಪರ್ ಆಕ್ಸಿಕ್ಲೋರೈಡ್) ಹೊಡೆಯೋ ದಿನ ಆಸಿಡ್ ನೀರು ಬ್ಯಾಡ, ತಾಮ್ರ ಹೆಚ್ಚು ಕರಗಿ ಎಲಿ ಸುಡ್ತದ. ಫೊಸೆಟೈಲ್ (ಫೈಟೊಫ್ಥೊರಾ ಔಷಧ) ಜೋಡಿ ತಾಮ್ರ ಕೂಡಿಸಿದ್ರೂ ಅದೇ ಕಥಿ.

ಭಾಲ್ಕಿ_ನೆರಳುಮನೆ:
ಮುಂದಿನ ಹಂಗಾಮಿಗೆ ನೆಡುವ ಮುಂಚೆ ಸಸಿ ಅದ್ದುವ ವಿಷಯ ಇಲ್ಲೇ ಬಗೆಹರಿಸಿಕೊಳ್ಳೋಣ. ಅದ್ದಬೇಕು ಅನ್ನುವವನು ನಾನು. ಕ್ರೌನ್ ಮೇಲೆ ಔಷಧ ಪೂರ್ತಿ ಹರಡುವ ಅವಕಾಶ ನೆಡುವ ಮುಂಚೆ ಮಾತ್ರ ಸಿಗುತ್ತದೆ. ಅಜಾಕ್ಸಿಸ್ಟ್ರೋಬಿನ್ ದ್ರಾವಣದಲ್ಲಿ ಪೂರ್ತಿ ಸಸಿ 2ರಿಂದ 5 ನಿಮಿಷ ಮುಳುಗಿಸಿ, ನೆರಳಲ್ಲಿ ನೀರು ಸೋರಿಸಿ, ಅದೇ ದಿನ ನೆಡಬೇಕು.

ಎರಿ_ಹೊಲ_ಆಳಂದ:
ಅದ್ದೋದು ಸರಿ. ಆದ್ರ ಮಂದಿ ಅದ್ದೋ ರೀತಿ ನೋಡಿದ್ರ ಅದ್ದದಿರೋದೇ ಛಲೋ ಅನಿಸ್ತದ. ಒಂದೇ ಟಬ್ಬಿನ್ಯಾಗ ಮಣ್ಣು ಮೆತ್ತಿದ ಸಸಿ ಮುಂಜಾನಿಂದ ಸಂಜಿತನ ಅದ್ದತಾರ. ಮಣ್ಣು ಔಷಧ ಹೀರ್ತದ, ಕಡೀ ಕಟ್ಟುಗಳಿಗೆ ಕೆಸರು ನೀರು ಅಷ್ಟೇ ಸಿಗ್ತದ. ಒಂದು ರೋಗದ ಕಟ್ಟು ಬಿದ್ರ ಫೈಟೊಫ್ಥೊರಾ ಬೀಜಕ ಅದೇ ನೀರಿನ್ಯಾಗ ಈಜಿ ಎಲ್ಲಾ ಸಸಿಗೂ ಹತ್ತತಾವ. ಎಲಿ ಕೋನ ಚುಕ್ಕಿ ಬ್ಯಾಕ್ಟೀರಿಯಾನೂ ಹಂಗೇ ಹಬ್ಬತದ, ಅದಕ್ಕ ಈ ಔಷಧ ತಾಗೋದೇ ಇಲ್ಲ.

ಭಾಲ್ಕಿ_ನೆರಳುಮನೆ:
ಅದು ಒಪ್ಪಿದೆ ಅಣ್ಣಾರ. ಹಾಗಾದರೆ ಕ್ರಮ ಹೀಗಿರಲಿ. ಮೊದಲು ಕಟ್ಟು ಬಿಚ್ಚಿ ಒಣ ಎಲೆ, ಕಲೆ ಇರುವ ತೊಟ್ಟು ತೆಗೆಯಿರಿ. ಕ್ರೌನ್ ಪೆನ್ಸಿಲ್‌ಗಿಂತ ತೆಳ್ಳಗಿರುವ, ಬೇರು ಕಪ್ಪಾದ ಸಸಿ ಬೇರೆ ಮಾಡಿ. ಹರಿಯುವ ನೀರಲ್ಲಿ ಮಣ್ಣು ತೊಳೆಯಿರಿ, ನಿಂತ ನೀರಲ್ಲಿ ಅಲ್ಲ. ಬೇರು 10–12 ಸೆಂ.ಮೀ.ಗೆ ಕತ್ತರಿಸಿ. ಆಮೇಲೆ ಅದ್ದಿ. ದ್ರಾವಣ ಮಣ್ಣಿನ ಬಣ್ಣಕ್ಕೆ ತಿರುಗಿದ ಕೂಡಲೇ ಚೆಲ್ಲಿ ಹೊಸದು ಮಾಡಿ, ದುಡ್ಡಿನ ಲೆಕ್ಕ ನೋಡಬೇಡಿ. ಚೆಲ್ಲುವುದು ಬಾವಿ, ಹಳ್ಳದ ಹತ್ತಿರ ಅಲ್ಲ. ಕೈಗವಸು ಹಾಕಿಕೊಂಡೇ ಅದ್ದಿಸಿ. ಈ ಕೆಲಸ ಮಾಡುವುದು ಹೆಚ್ಚಾಗಿ ಹೆಣ್ಣುಮಕ್ಕಳು, ಅವರಿಗೆ ಗವಸು ಕೊಡದೆ ಟಬ್ಬಿಗೆ ಕೈ ಹಾಕಿಸುವುದು ತಪ್ಪು.

ಅಫಜಲಪುರ_ಭೀಮೆ:
ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರದಾಗ ಅದ್ದಿದ್ರ ಆಗಲ್ಲೇನ್ರಿ? ಔಷಧದ ಗೋಳೇ ಇರಲ್ಲ.

ಸಸ್ಯರೋಗ_ವಿಚಾರ:
ಟ್ರೈಕೋಡರ್ಮಾ ಮಣ್ಣಿನಲ್ಲಿ ಕೂತ ರೋಗಕ್ಕೆ, ಬೇರಿನ ಸುತ್ತ ಕಾವಲಿಗೆ ಒಳ್ಳೆಯದು. ಸಸಿಯೊಳಗೆ ಈಗಾಗಲೇ ಇಳಿದ ಕೊಲೆಟೊಟ್ರೈಕಮ್ ತೆಗೆಯುವ ಶಕ್ತಿ ಅದಕ್ಕಿಲ್ಲ. ಬಳಸುವುದಾದರೆ ಎಕರೆಗೆ 2 ಕಿಲೋ ಟ್ರೈಕೋಡರ್ಮಾವನ್ನು 100 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ತೇವ ಆರದಂತೆ ಗೋಣಿಚೀಲ ಮುಚ್ಚಿ ಒಂದು ವಾರ ಇಡಿ, ನಡುವೆ ಒಮ್ಮೆ ತಿರುವಿ. ಬಿಳಿ-ಹಸಿರು ಬೂಜು ಹರಡಿದ ಮೇಲೆ ಬೆಡ್ಡಿಗೆ ಸೇರಿಸಿ. ಅದರ ಹಿಂದೆಯೇ ಕಾರ್ಬೆಂಡಜಿಮ್ ಬುಡಕ್ಕೆ ಹಾಕಿದರೆ ಟ್ರೈಕೋಡರ್ಮಾನೇ ಮೊದಲು ಸಾಯುತ್ತದೆ. ಕನಿಷ್ಠ 15 ದಿನ ಅಂತರ ಬೇಕು.

ಅಫಜಲಪುರ_ಭೀಮೆ:
ಮತ್ತ ಬಿಸಿನೀರಿನ್ಯಾಗ ಅದ್ದೋದು? ಬ್ಯಾರೆ ದೇಶದಾಗ ಮಾಡ್ತಾರಂತ.

ಸಸ್ಯರೋಗ_ವಿಚಾರ:
ಫ್ಲಾರಿಡಾದಲ್ಲಿ ಬೆಳೆಸಿದ ಪದ್ಧತಿ ಬಿಸಿನೀರಲ್ಲ, ಗಾಳಿ ಬೆರೆತ ಹಬೆ. ಮೊದಲು 37 ಡಿಗ್ರಿಯಲ್ಲಿ ಒಂದು ತಾಸು, ಒಂದು ತಾಸು ತಣಿಸುವುದು, ಆಮೇಲೆ 44 ಡಿಗ್ರಿಯಲ್ಲಿ 4 ತಾಸು. ಮೊದಲ ಸುತ್ತು ಸಸಿಯನ್ನು ಶಾಖಕ್ಕೆ ಒಗ್ಗಿಸಲು. ಒಂದೆರಡು ಡಿಗ್ರಿ ಮೇಲೆ ಹೋದರೆ ಸಸಿಯೇ ಬೇಯುತ್ತದೆ, ಕೆಳಗಾದರೆ ರೋಗ ಉಳಿಯುತ್ತದೆ. ಅಳತೆಯ ಕೋಣೆ ಇಲ್ಲದೆ ಹಂಡೆ, ಥರ್ಮಾಮೀಟರ್ ಇಟ್ಟುಕೊಂಡು ಮಾಡುವ ಕೆಲಸ ಅಲ್ಲ.

ಅದಕ್ಕಿಂತ ಸಸಿ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ನರ್ಸರಿಯಿಂದ 50 ಸಸಿ ಮೊದಲೇ ತರಿಸಿ. ಹೊರಗಿನ ಹಳೆಯ ಎಲೆಗಳನ್ನು ತೊಟ್ಟಿನ ಸಮೇತ ಕಿತ್ತು ತೊಳೆದು ಒಂದು ರಾತ್ರಿ ಫ್ರಿಜ್ಜಿನ ಐಸ್ ಖಾನೆಯಲ್ಲಿಡಿ. ಮರುದಿನ ಒದ್ದೆ ಟಿಶ್ಯೂ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಹರಡಿ, ಮನೆಯೊಳಗೆ 5–7 ದಿನ ಬಿಡಿ. ಹೆಪ್ಪುಗಟ್ಟಿ ಸತ್ತ ತೊಟ್ಟಿನ ಮೇಲೆ ಅಡಗಿದ್ದ ಶಿಲೀಂಧ್ರ ಹೊರಗೆ ಬರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಿತ್ತಳೆ-ಗುಲಾಬಿ ಬಣ್ಣದ, ಜೇನಿನ ಹನಿಯಂತೆ ಅಂಟುವ ಸಣ್ಣ ಚುಕ್ಕಿ ಕಂಡರೆ ಕೊಲೆಟೊಟ್ರೈಕಮ್ ಎಂದೇ ಅನುಮಾನಿಸಿ. ಬೂದು, ಹಸಿರು ಬೂಜಿಗೆ ಹೆದರಬೇಡಿ. ಒಂದು ಎಕರೆಗೆ 20 ಸಾವಿರದ ಆಜೂಬಾಜು ಸಸಿ ಬೇಕಾಗುತ್ತದೆ. ಅಷ್ಟು ದುಡ್ಡು ಹಾಕುವ ಮುಂಚೆ ಒಂದು ವಾರ ಕಾಯುವುದು ದೊಡ್ಡದಲ್ಲ.

ಚಿಂಚೋಳಿ_ತೋಟ:
ಹೊರಗಿನ ಸಸಿ ಜೊತೆ ರೋಗ ಬರುತ್ತದೆ ಎಂದಾದರೆ ನಮ್ಮದೇ ಗಿಡದ ರನ್ನರ್ ಉಳಿಸಿಕೊಂಡು ಸಸಿ ಮಾಡಿದರೆ?

ಎರಿ_ಹೊಲ_ಆಳಂದ:
ನಮ್ಮ ಏಪ್ರಿಲ್-ಮೇ ಬಿಸಿಲಿನ್ಯಾಗ ತಾಯಿ ಗಿಡ ಉಳಿಸೋದೇ ಕಷ್ಟ ಅಕ್ಕಾರ. ನೀರು ಹೆಚ್ಚಾದ್ರ ಫೈಟೊಫ್ಥೊರಾ, ಕಮ್ಮಿಯಾದ್ರ ಮ್ಯಾಕ್ರೊಫೊಮಿನಾ. ರೋಗ ಕಂಡ ಹೊಲದ ರನ್ನರ್ ಅಂತೂ ಬ್ಯಾಡೇ ಬ್ಯಾಡ, ತಾಯಿಗೆ ಇದ್ದದ್ದು ಮಗಳಿಗೂ ಬರ್ತದ. ಟ್ರೇದಾಗ ಕೊಕೊಪೀಟ್ ಹಾಕಿ ಬೆಳೆಸಿದ ಸಸಿ ಸಿಕ್ರ ತಗೋರಿ. ತುಟ್ಟಿ ಆದ್ರೂ ಬೇರು ಹರಿದಿರಲ್ಲ, ಹಚ್ಚಿದ ಮ್ಯಾಲೆ ಸ್ಪ್ರಿಂಕ್ಲರ್ ಹಂಗು ಕಮ್ಮಿ. ಅದಕ್ಕೂ ತಾಯಿ ಗಿಡ ಶುದ್ಧ ಇರಬೇಕು, ಅದು ಬ್ಯಾರೆ ಮಾತು.

ಜೇವರ್ಗಿ_ಡ್ರಿಪ್:
ಬರಿ ಬೇರಿನ ಸಸಿ ಸ್ಪ್ರಿಂಕ್ಲರ್ ಇಲ್ಲದೆ ಹಿಡಿಯಲ್ಲ ಅಂತ ಭಾಳ ಮಂದಿ ಹೇಳ್ತಾರ. ಬಿಸಿಲು ತಪ್ಪಿಸಿದ್ರ ಕಮ್ಮಿ ನೀರಿನ್ಯಾಗೂ ಹಿಡೀತದ. 50 ಪರ್ಸೆಂಟ್ ನೆರಳು ಬಲೆ ಬೆಡ್ಡಿನ ಮ್ಯಾಲೆ 3 ಅಡಿ ಎತ್ತರಕ್ಕ ಹತ್ತು ದಿನ ಕಟ್ರಿ. ಸಂಜಿ 4ರ ಮ್ಯಾಲೆ ಹಚ್ರಿ. ಅಕ್ಟೋಬರ್ ಮೊದಲ ವಾರ ಅವಸರ ಮಾಡಬ್ಯಾಡ್ರಿ, ಹಗಲು ಇನ್ನೂ ಬಿಸಿ ಇರ್ತದ. ತಿಂಗಳ ಕೊನಿಗೆ ಹೋಗ್ರಿ. ನೀರು ಬಿಡಲೇಬೇಕಂದ್ರ ಮಂಜಿನಂಥ ಸಣ್ಣ ಹನಿ, 2–3 ನಿಮಿಷ, ಮಧ್ಯಾಹ್ನ ಬಾಡೋ ಹೊತ್ತಿಗೆ ಮಾತ್ರ. ಸಂಜಿ 5ರ ಮ್ಯಾಲೆ ಎಲಿ ಒದ್ದಿ ಇರಬಾರದು.

ಆಳ ಮರೀಬ್ಯಾಡ್ರಿ: ಬೇರು ಪೂರ್ತಿ ಮಣ್ಣಾಗ, ಸುಳಿ ಪೂರ್ತಿ ಹೊರಗ, ಕ್ರೌನ್ ಅರ್ಧ ಕಾಣಬೇಕು. ಸುಳಿ ಮ್ಯಾಲೆ ಮಣ್ಣು ಕೂತ್ರ ಕೊಳೀತದ, ಬೇರು ಕಂಡ್ರ ಒಣಗ್ತದ. ನೀರು ಬಿಟ್ಟ ಮ್ಯಾಲೆ ಬೆಡ್ಡು ಒಂದಿಷ್ಟು ಕುಸೀತದ. ಅದಕ್ಕ ಮೊದಲೇ ಬೆಡ್ಡಿಗೆ ನೀರು ಬಿಟ್ಟು ಕೂಡಿಸಿ, ಆಮ್ಯಾಲೆ ಹಚ್ರಿ. ಎರೆ ಭೂಮಿಯಾಗ ಬೆಡ್ಡು ಒಂದೂವರೆ ಅಡಿಗೆ ಕಮ್ಮಿ ಬ್ಯಾಡ, ಸಾಲಿನ ತುದಿಗೆ ನೀರು ಹೊರಗ ಹೋಗೋ ದಾರಿ ಬೇಕೇ ಬೇಕು.

ಸಸ್ಯರೋಗ_ವಿಚಾರ:
ಗೊಬ್ಬರವನ್ನೂ ಸೇರಿಸಿ. ನೆಟ್ಟ ಮೊದಲ ತಿಂಗಳು ಯೂರಿಯಾ, ಅಮೋನಿಯಂ ರೂಪದ ಸಾರಜನಕ ಜಾಸ್ತಿಯಾದರೆ ಆಂಥ್ರಾಕ್ನೋಸ್ ಬುಡ ಕೊಳೆ ಜೋರಾಗುತ್ತದೆ. ಸಾರಜನಕ ಕೊಡಲೇಬೇಕಾದರೆ ಕ್ಯಾಲ್ಸಿಯಂ ನೈಟ್ರೇಟ್ ರೂಪದಲ್ಲಿ, ಸ್ವಲ್ಪ ಸ್ವಲ್ಪ ಡ್ರಿಪ್‌ನಲ್ಲಿ. ಸಸಿ ಮಂಕಾಗಿದೆ ಎಂದು 19-19-19 ಗೊಬ್ಬರ ಸುರಿಯುವುದು ಈ ರೋಗದಲ್ಲಿ ತಿರುಗಿ ಹೊಡೆಯುತ್ತದೆ.

ಶಹಾಪುರ_ಕಾಲುವೆ:
ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ನಮ್ಮ ಕಡೆ ಭತ್ತದ ಗದ್ದೆಗಳು. ಮ್ಯಾಕ್ರೊಫೊಮಿನಾ ನೀರಲ್ಲಿ ಸಾಯುತ್ತದೆ ಅಂತಾರೆ. ಹಾಗಾದರೆ ಗದ್ದೆ ಹೊಲ ಒಳ್ಳೆಯದೇ?

ಎರಿ_ಹೊಲ_ಆಳಂದ:
ಅರ್ಧ ಖರೆ. ಆ ಕಪ್ಪು ಕಾಳು ಒಣ ಮಣ್ಣಾಗ ವರ್ಷಗಟ್ಟಲೆ ಬದುಕ್ತಾವ, ನೀರು ತುಂಬಿದ ಮಣ್ಣಾಗ 7–8 ವಾರಕ್ಕ ಮುಗೀತಾವ. ಆದ್ರ ಕೆಸರು ತುಳಿದ ಗದ್ದಿ ಕೆಳಗ ಗಟ್ಟಿ ಪದರ ಕೂತಿರ್ತದ, ನೀರು ಇಂಗಲ್ಲ. ಇದ್ದಿಲು ಕೊಳೆ ತಪ್ಪಿಸಿ ಫೈಟೊಫ್ಥೊರಾ ಕೈಗೆ ಕೊಟ್ಟಂಗ. ಆಳವಾಗಿ ನೇಗಿಲು ಹೊಡೆದು ಆ ಪದರ ಒಡೆದು, ಎತ್ತರ ಬೆಡ್ಡು ಮಾಡಿದ್ರ ಮಾತ್ರ ವಿಚಾರ ಮಾಡ್ರಿ.

ತೊಗರಿ ಹೊಲದವರಿಗೆ ನಮ್ಮ ಬ್ಯಾಸಿಗಿ ಬಿಸಿಲೇ ಔಷಧ. ಏಪ್ರಿಲ್-ಮೇದಾಗ ಕೂಳೆ ಪೂರ್ತಿ ಆರಿಸಿ ತೆಗೀರಿ, ಮಣ್ಣು ಪುಡಿ ಮಾಡಿ ಬೆಡ್ಡು ಹಾಕ್ರಿ, ಒಂದು ಅಡಿ ಆಳ ನೆನೆಯೋವಂಗ ನೀರು ಬಿಡ್ರಿ, 25–50 ಮೈಕ್ರಾನ್ ಪಾರದರ್ಶಕ ಹಾಳೆ ಮಣ್ಣಿಗೆ ತಾಗೋವಂಗ ಬಿಗಿಯಾಗಿ ಹೊಚ್ಚಿ ಅಂಚಿಗೆ ಮಣ್ಣು ಹಾಕ್ರಿ. ಆರು ವಾರ ಇರಲಿ. ಕಪ್ಪು ಹಾಳೆ ನಡಿಯಲ್ಲ, ಅದು ತಾನೇ ಕಾಯ್ತದ, ಮಣ್ಣಿಗೆ ಶಾಖ ಕಮ್ಮಿ ಇಳೀತದ. ಬೀದರಿಗೆ ಹತ್ತಿರದ ಪಟಾನ್‌ಚೆರುದಾಗ ಇಕ್ರಿಸ್ಯಾಟ್ ಅನ್ನೋ ಬೆಳೆ ಸಂಶೋಧನಾ ಸಂಸ್ಥೆದವರು ತೊಗರಿ, ಕಡ್ಲಿ ಸೊರಗು ರೋಗಕ್ಕ 1980ರ ದಶಕದಾಗೇ ಇದನ್ನ ಮಾಡಿ ತೋರಿಸ್ಯಾರ.

ಆದ್ರ ಮ್ಯಾಕ್ರೊಫೊಮಿನಾ ಶಾಖಕ್ಕ ಗಟ್ಟಿ. ಬರೇ ಹಾಳಿಗೆ ಬಗ್ಗಲ್ಲ. ಜೋಧಪುರದ ಒಣಭೂಮಿ ಸಂಶೋಧನಾ ಕೇಂದ್ರದವರು ಸಾಸಿವಿ ಜಾತಿ ಬೆಳೆಯ ಕಸ ಮಣ್ಣಿಗೆ ಸೇರಿಸಿ, ಬ್ಯಾಸಿಗ್ಯಾಗ ನೀರು ಕೊಟ್ಟಾಗ ಇದೇ ಶಿಲೀಂಧ್ರ ಭಾಳ ಇಳಿದದ್ದು ಕಂಡಾರ. ಸಾಸಿವಿ ಕಸ ಕೊಳೆಯುವಾಗ ಬಿಡೋ ಘಾಟು ಗಾಳಿ ಬಿಸಿ ಮಣ್ಣಾಗ ಸಿಕ್ಕು ಕೆಲಸ ಮಾಡ್ತದ. ಸಾಸಿವಿ ಕಸ ಇಲ್ಲಂದ್ರ ಸಾಸಿವಿ ಹಿಂಡಿ. ಹಾಕಿದ ದಿನಾನೇ ನೀರು ಬಿಟ್ಟು ಹಾಳೆ ಹೊಚ್ಚಬೇಕು, ತಡ ಮಾಡಿದ್ರ ಘಾಟು ಹಾರಿ ಹೋಗ್ತದ. ಹಾಳೆ ತೆಗೆದ ಮ್ಯಾಲೆ ಮಣ್ಣು ಆಳಕ್ಕ ತಿರುವಬ್ಯಾಡ್ರಿ, ಕೆಳಗಿನ ಜೀವಂತ ಕಾಳು ಮ್ಯಾಲಕ್ಕ ಬರ್ತಾವ.

ಹುಮನಾಬಾದ್_ಕೆಮ್ಮಣ್ಣು:
ಎಲ್ಲಾರಿಗೂ ಶರಣು. ಕಡೀ ಎರಡು ಪ್ರಶ್ನೆ. ಸತ್ತ ಜಾಗದಾಗ ಉಳಿದ ಸಸಿ ಹಚ್ಚಬಹುದೇನು? ಮತ್ತ ಪಕ್ಕಾ ಪರೀಕ್ಷೆಗೆ ಎಲ್ಲಿ ಒಯ್ಯಬೇಕು?

ಸಸ್ಯರೋಗ_ವಿಚಾರ:
ಅದೇ ಗುಣಿಯಲ್ಲಿ ಬೇಡ. ಸತ್ತ ಕ್ರೌನ್‌ನ ಚೂರು ಅಲ್ಲೇ ಇರುತ್ತದೆ. ತುಂಬಲೇಬೇಕಾದರೆ ಒಂದು ಗೇಣು ಪಕ್ಕಕ್ಕೆ ಹೊಸ ತೂತು ಮಾಡಿ. ಉಳಿದ ಸಸಿ ಅದೇ ಲಾಟಿನದಾದರೆ ಮೊದಲು ಎರಡು ಸೀಳಿ ನೋಡಿ, ಗೆರೆ ಕಂಡರೆ ಹಚ್ಚುವುದೇ ಬೇಡ.

ಪರೀಕ್ಷೆಗೆ ಬೀದರ್ ತೋಟಗಾರಿಕೆ ಕಾಲೇಜು ಅಥವಾ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಈಗಷ್ಟೇ ಬಾಡಿದ 5–6 ಸಸಿ, ಚೆನ್ನಾಗಿರುವ 2 ಸಸಿ, ಬೇರಿನ ಮಣ್ಣಿನ ಸಮೇತ. ಬೇರಿಗೆ ಪ್ಲಾಸ್ಟಿಕ್ ಕಟ್ಟಿ ಮಣ್ಣು ಎಲೆಗೆ ತಾಗದಂತೆ ಮಾಡಿ, ಎಲೆಗೆ ಒಣ ಪೇಪರ್ ಸುತ್ತಿ. ನೀರು ಚಿಮುಕಿಸಬೇಡಿ, ದಾರಿಯಲ್ಲೇ ಬೂಜು ಹಿಡಿದು ಏನೂ ತಿಳಿಯದಂತಾಗುತ್ತದೆ. ತಳಿ, ನೆಟ್ಟ ದಿನ, ಹಿಂದಿನ ಬೆಳೆ, ಇದುವರೆಗೆ ಹಾಕಿದ ಔಷಧ, ಸತ್ತವು ಗುಂಪಾಗಿವೆಯೋ ಚದುರಿವೆಯೋ, ಇಷ್ಟನ್ನು ಚೀಟಿಯಲ್ಲಿ ಬರೆದಿಡಿ. ಸೋಮವಾರ ಬೆಳಿಗ್ಗೆ ಕಿತ್ತು ಅಂದೇ ಒಯ್ಯಿರಿ. ಶನಿವಾರ ಕೊಟ್ಟರೆ ಎರಡು ದಿನ ಮೂಲೆಯಲ್ಲಿ ಕೂತಿರುತ್ತದೆ.